ನಾವು ಕೊಳ್ಳುವ ಸರಕಿನ ಹಿಂದೆ ಅಡಗಿರುವ ಜೀತ



ಸಂತೆಯಲ್ಲಿ ಟೊಮೇಟೊ ಕೊಳ್ಳುವವನು ಮೂರು ಸಂಗತಿಗಳನ್ನು ಪರೀಕ್ಷಿಸುತ್ತಾನೆ. ಹಣ್ಣು ಕೊಳೆತಿದೆಯೋ ಎಂದು ಒತ್ತಿ ನೋಡುತ್ತಾನೆ. ತಕ್ಕಡಿಯ ಮುಳ್ಳು ಸರಿಯಾಗಿ ನಿಂತಿತೋ ಎಂದು ನೋಡುತ್ತಾನೆ. ಪಕ್ಕದವನ ಕ್ರಯಕ್ಕಿಂತ ಇವನ ಕ್ರಯ ಹೆಚ್ಚೋ ಕಡಿಮೆಯೋ ಎಂದು ವಿಚಾರಿಸುತ್ತಾನೆ. ನಾಲ್ಕನೇದಾದ ಒಂದು ಪ್ರಶ್ನೆ ಉಂಟು; ಅದನ್ನು ಕೇಳುವವರು ಬಹು ಸ್ವಲ್ಪ ಮಂದಿ. ಈ ಹಣ್ಣನ್ನು ಕೊಯ್ದವನಿಗೆ ಅವನ ಕೂಲಿ ಸಿಕ್ಕಿತೋ? ಕೆಲಸ ಬೇಡವೆಂದು ತೋರಿದಾಗ ಅವನು ಆ ತೋಟವನ್ನು ಬಿಟ್ಟು ಹೋಗಬಹುದಾಗಿತ್ತೋ? ಹಣ್ಣನ್ನು ಎಷ್ಟು ಒತ್ತಿ ನೋಡಿದರೂ ಇದಕ್ಕೆ ಉತ್ತರ ಸಿಕ್ಕುವದಿಲ್ಲ. ಜೀತದಾಳು ಕೊಯ್ದ ಹಣ್ಣೂ ಸ್ವತಂತ್ರನು ಕೊಯ್ದ ಹಣ್ಣೂ ಒಂದೇ ಬಣ್ಣ, ಒಂದೇ ರುಚಿ.

ಹೀಗಿರಲಾಗಿ, ಅಂಗಡಿಯವನು ತನ್ನ ಸರಕಿನೊಳಗೆ ಜೀತವು ಸೇರದಂತೆ ತಡೆಯುವದು ಹೇಗೆ, ಕೊಳ್ಳುವವರಾದ ನಾವು ಅದಕ್ಕೆ ಮಾಡತಕ್ಕದ್ದೇನು ಎಂಬದೇ ಈ ಪಾಠದ ವಿಷಯ. ಅಮೇರಿಕದ ಫ್ಲೋರಿಡಾ ಸಂಸ್ಥಾನದ ಕೂಲಿಯವರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವನ್ನು ಇಲ್ಲಿ ಕ್ರಮವಾಗಿ ಆಲೋಚಿಸೋಣ.

1. ಜೀತವನ್ನು ಗುರುತಿಸುವ ಬಗೆ

ಗುಲಾಮಗಿರಿ ಎಂದ ಕೂಡಲೆ ಹಡಗಿನಲ್ಲಿ ಸಂಕೋಲೆ ಹಾಕಿ ಸಾಗಿಸಲ್ಪಟ್ಟ ಆಫ್ರಿಕದ ಜನರ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಮನುಷ್ಯನನ್ನು ಸೊತ್ತಾಗಿ ಬರೆದುಕೊಳ್ಳುವ ಆ ಹಕ್ಕನ್ನು ಈಗ ಯಾವ ರಾಜ್ಯದ ಕಾನೂನೂ ಒಪ್ಪುವದಿಲ್ಲ. ಆದರೂ ಕೆಲಸ ಸತ್ತುಹೋಗಲಿಲ್ಲ, ವೇಷ ಮಾತ್ರ ಬದಲಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಬೇರೆ ಎರಡು ಸಂಸ್ಥೆಗಳೊಂದಿಗೆ ಸೇರಿ 2022ರಲ್ಲಿ ಪ್ರಕಟಿಸಿದ ಅಂದಾಜಿನ ಮೇರೆಗೆ, 2021ರಲ್ಲಿ ಲೋಕದ ಯಾವದೇ ಒಂದು ದಿನವನ್ನು ತೆಗೆದುಕೊಂಡರೂ 2 ಕೋಟಿ 76 ಲಕ್ಷ ಮಂದಿ ಬಲವಂತದ ದುಡಿಮೆಯಲ್ಲಿ ಇದ್ದರು.

ಬಲವಂತ ಎಂದರೇನು? ಅದೇ ಸಂಸ್ಥೆಯು ಅದರ ಗುರುತುಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಮುಖ್ಯವಾದವುಗಳನ್ನು ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವದಾದರೆ ಹೀಗೆ. ಆಳಿಗೆ ಒಂದು ಕೆಲಸವನ್ನು ಹೇಳಿ ಕರೆದುಕೊಂಡು ಹೋಗಿ ಮತ್ತೊಂದನ್ನು ಮಾಡಿಸುವದು, ತೀರದ ಮುಂಗಡದ ಸಾಲದಿಂದ ಕಟ್ಟಿಹಾಕುವದು, ಕೂಲಿಯನ್ನು ತಡೆದಿಟ್ಟುಕೊಳ್ಳುವದು, ಗುರುತಿನ ಚೀಟಿಗಳನ್ನು ಕಿತ್ತು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವದು, ಹೊರಗೆ ಹೋಗದಂತೆ ಬಾಗಿಲಿಗೆ ಕಾವಲು ಇಡುವದು, ಬೆದರಿಸುವದು, ಹೊಡೆಯುವದು, ಮಿತಿಮೀರಿ ದುಡಿಸುವದು. ಇವುಗಳಲ್ಲಿ ಒಂದೇ ಕಂಡರೂ ವಿಚಾರಿಸತಕ್ಕದ್ದು. ಮೂರು ನಾಲ್ಕು ಕೂಡಿ ಕಂಡರೆ ಅಲ್ಲಿ ಜೀತವು ಬೇರು ಬಿಟ್ಟಿದೆ ಎಂದು ಭಯಪಡತಕ್ಕದ್ದು.

ಜೀತ ಎಂಬ ಶಬ್ದವನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ಸಾಲಕ್ಕಾಗಿ ಮಗನನ್ನು ಧಣಿಯ ಮನೆಯಲ್ಲಿ ಬಿಟ್ಟ ತಂದೆಯರ ಕಥೆ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಇನ್ನೂ ಮರೆತುಹೋಗಿಲ್ಲ. 1976ರಲ್ಲಿ ಭಾರತ ಸರಕಾರವು ಮಾಡಿದ ಜೀತ ಪದ್ಧತಿ ನಿರ್ಮೂಲನ ಕಾನೂನಿನಲ್ಲಿ, ದೇಶದ ಬೇರೆ ಬೇರೆ ಸೀಮೆಗಳಲ್ಲಿ ಈ ಪದ್ಧತಿಗೆ ಇದ್ದ ಹೆಸರುಗಳ ಸಾಲಿನಲ್ಲಿ ನಮ್ಮ ಜೀತ ಎಂಬ ಹೆಸರೂ ಇದೆ. ಆದದರಿಂದ ಮುಂದೆ ಹೇಳುವ ಕಥೆಯು ದೂರದೇಶದ್ದಾದರೂ ಅದರ ಅರ್ಥವು ನಮಗೆ ಪರಕೀಯವಾದದ್ದಲ್ಲ.

2. ಸರಕು ಕೈಯಿಂದ ಕೈಗೆ ಬರುವ ಸರಪಳಿ

ದೊಡ್ಡ ಪಟ್ಟಣದ ಅಂಗಡಿಯೊಂದರಲ್ಲಿ ಸರಕನ್ನು ಮಾರುವವನು ಅದನ್ನು ಬೆಳೆದವನಲ್ಲ. ಅಂಗಡಿಯು ಸಗಟು ವ್ಯಾಪಾರಿಯಿಂದ ಕೊಳ್ಳುತ್ತದೆ. ಅವನು ಹಣ್ಣನ್ನು ತೊಳೆದು ಪೆಟ್ಟಿಗೆ ಕಟ್ಟುವವನಿಂದ ಕೊಳ್ಳುತ್ತಾನೆ. ಅವನು ತೋಟದ ಒಡೆಯನಿಂದ ಕೊಳ್ಳುತ್ತಾನೆ. ತೋಟದ ಒಡೆಯನಾದರೋ ಆಳುಗಳನ್ನು ತಾನೇ ಕರೆಯದೆ ಮೇಸ್ತ್ರಿಯ ಕೈಗೆ ಒಪ್ಪಿಸಿಬಿಡುತ್ತಾನೆ. ಹೀಗೆ ಆಳಿಗೂ ಅಂಗಡಿಗೂ ನಡುವೆ ನಾಲ್ಕು ಗೋಡೆಗಳು ಏಳುತ್ತವೆ. ಏನಾದರೂ ಅನ್ಯಾಯವಾಯಿತೆಂದು ಕೇಳಿದರೆ, ಪ್ರತಿಯೊಬ್ಬನೂ ಮುಂದಿನವನ ಕಡೆಗೆ ಬೆರಳು ತೋರಿಸಿ ತನಗೆ ಏನೂ ತಿಳಿಯದೆಂದು ಹೇಳುತ್ತಾನೆ. ಅನೇಕ ಸಾರಿ ಆ ಮಾತು ಸತ್ಯವೂ ಆಗಿರುತ್ತದೆ.

ಆದರೆ ಈ ಸರಪಳಿಯಲ್ಲಿ ಒಂದು ವಸ್ತು ಮಾತ್ರ ಯಾವ ತಡೆಯೂ ಇಲ್ಲದೆ ಮೇಲಿನಿಂದ ಕೆಳಗೆ ಇಳಿದುಬರುತ್ತದೆ. ಅದು ಯಾವದೆಂದರೆ ಕ್ರಯದ ಒತ್ತಡ. ಸಾವಿರಾರು ಅಂಗಡಿಗಳನ್ನು ನಡಿಸುವ ಮಂಡಳಿಯು, ಇಷ್ಟಕ್ಕಿಂತ ಹೆಚ್ಚು ಕೊಡುವದಿಲ್ಲ, ಇಂಥ ದಿನದೊಳಗೆ ಸರಕು ಬರಬೇಕು ಎಂದು ಆಜ್ಞೆ ಮಾಡಿದರೆ, ಸಗಟು ವ್ಯಾಪಾರಿಯು ಒಡೆಯನನ್ನೂ ಒಡೆಯನು ಮೇಸ್ತ್ರಿಯನ್ನೂ ಹಿಂಡುತ್ತಾನೆ. ಮೇಸ್ತ್ರಿಯು ಯಾರನ್ನು ಹಿಂಡಬೇಕು? ಗೊಬ್ಬರದ ಬೆಲೆ ಅವನ ಕೈಯಲ್ಲಿಲ್ಲ, ಎಣ್ಣೆಯ ಬೆಲೆಯೂ ಇಲ್ಲ. ಅವನ ಕೈಯಲ್ಲಿರುವದು ಆಳಿನ ಕೂಲಿಯೊಂದೇ. ಅತಿ ಅಗ್ಗದ ಸರಕಿನಲ್ಲಿ ಉಳಿದ ಹಣವು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಸರಪಳಿಯ ಈ ಕೊನೆಯ ಕೊಂಡಿಯನ್ನು ನೋಡತಕ್ಕದ್ದು.

3. ಇಮ್ಮೊಕಾಲಿಯ ತೋಟಗಳು

ಇಮ್ಮೊಕಾಲಿ ಎಂಬದು ಫ್ಲೋರಿಡಾದ ನೈಋತ್ಯ ಭಾಗದಲ್ಲಿರುವ ಚಿಕ್ಕ ಪಟ್ಟಣ. ಉತ್ತರದ ಸಂಸ್ಥಾನಗಳು ಹಿಮದಲ್ಲಿ ಮುಚ್ಚಿರುವ ಚಳಿಗಾಲದಲ್ಲಿ ಇಲ್ಲಿಯ ತೋಟಗಳಿಂದ ದೇಶದೊಳಗೆಲ್ಲಾ ಟೊಮೇಟೊ ಹೋಗುತ್ತದೆ. ಕೊಯ್ಯುವವರಲ್ಲಿ ಹೆಚ್ಚು ಮಂದಿ ಮೆಕ್ಸಿಕೋ, ಗ್ವಾಟೆಮಾಲ, ಹೈಟಿ ದೇಶಗಳಿಂದ ಬಂದ ಬಡವರು. ಬೆಳಗಾಗುವದಕ್ಕಿಂತ ಮುಂಚೆ ಅವರು ಒಂದು ಬಯಲಿನಲ್ಲಿ ಕೂಡುವರು. ಮೇಸ್ತ್ರಿಗಳು ತಮಗೆ ಬೇಕಾದವರನ್ನು ಆರಿಸಿ ಹಳೇ ಬಸ್ಸುಗಳಲ್ಲಿ ತುಂಬಿಸಿಕೊಂಡು ಹೋಗುವರು. ಕೂಲಿಯು ದಿನಕ್ಕೆ ಅಲ್ಲ, ಬುಟ್ಟಿಗೆ. 32 ಪೌಂಡ್, ಅಂದರೆ ಸುಮಾರು ಹದಿನಾಲ್ಕೂವರೆ ಕಿಲೋ ಹಿಡಿಯುವ ಬುಟ್ಟಿಯೊಂದಕ್ಕೆ ಸುಮಾರು 45 ಸೆಂಟ್ ಸಿಕ್ಕುತ್ತಿತ್ತು. ಈ ದರವು ಎಷ್ಟೋ ವರುಷಗಳ ವರೆಗೆ ಹೆಚ್ಚು ಕಡಿಮೆ ಹಾಗೆಯೇ ನಿಂತಿತ್ತು. ಕಾನೂನು ಗೊತ್ತುಮಾಡಿದ ಕನಿಷ್ಠ ಕೂಲಿಯನ್ನು ಹತ್ತು ತಾಸಿನಲ್ಲಿ ಮುಟ್ಟಬೇಕಾದರೆ ಒಬ್ಬನು ಎರಡು ಟನ್ನಿಗಿಂತ ಹೆಚ್ಚು ಹಣ್ಣನ್ನು ಕೊಯ್ದು ಹೊರಬೇಕಾಗಿತ್ತು.

ಬಡತನವಿದ್ದಲ್ಲೆಲ್ಲಾ ಜೀತವಿಲ್ಲ. ಆದರೆ ಇಷ್ಟು ಒಣಗಿದ ನೆಲದಲ್ಲಿ ಕಿಡಿ ಬಿದ್ದರೆ ಉರಿಯು ಹತ್ತುತ್ತದೆ. 1997ರಲ್ಲಿ ಇತ್ಯರ್ಥವಾದ ಒಂದು ಮೊಕದ್ದಮೆಯಲ್ಲಿ, ಫ್ಲೋರಿಡಾ ಮತ್ತು ದಕ್ಷಿಣ ಕೆರೊಲೈನಾ ಸಂಸ್ಥಾನಗಳ ಹೊಲ ತೋಟಗಳಲ್ಲಿ 400ಕ್ಕಿಂತ ಹೆಚ್ಚು ಮಂದಿಯನ್ನು ಬಂದೂಕಿನ ಕಾವಲಿನಲ್ಲಿ ದುಡಿಸಿದ ಇಬ್ಬರು ಮುಖ್ಯಸ್ಥರಿಗೆ 15 ವರುಷಗಳ ಸೆರೆಯಾಯಿತು. ಅಲ್ಲಿ ಓಡಿಹೋಗಲು ಪ್ರಯತ್ನಿಸಿದವರ ಮೇಲೆ ಗುಂಡು ಹಾರಿಸಿದ್ದೂ ಉಂಟು.

ಹತ್ತು ವರುಷಗಳ ಮೇಲೆ, 2007ರ ನವೆಂಬರ್ ತಿಂಗಳಲ್ಲಿ, ಇಮ್ಮೊಕಾಲಿಯಲ್ಲಿಯೇ ಮತ್ತೊಂದು ಸಂಗತಿ ಬೆಳಕಿಗೆ ಬಂತು. ಮೇಸ್ತ್ರಿಗಳ ಒಂದು ಕುಟುಂಬವು ಆಳುಗಳನ್ನು ರಾತ್ರಿಯಲ್ಲಿ ಪೆಟ್ಟಿಗೆಯಂಥ ಲಾರಿಯೊಳಗೆ ಹಾಕಿ ಬೀಗ ಹಾಕುತ್ತಿತ್ತು. ಆ ಲಾರಿಯಲ್ಲಿ ಮಲಗಿದ್ದಕ್ಕೆ ಬಾಡಿಗೆ. ಹಿತ್ತಲಿನ ಕೊಳವೆಯ ತಣ್ಣೀರಿನಲ್ಲಿ ಮೈ ತೊಳೆದರೆ ಐದು ಡಾಲರ್. ಊಟಕ್ಕೆ ಬೇರೆ ಲೆಕ್ಕ. ಹೀಗೆ ದುಡಿದಷ್ಟೂ ಸಾಲವು ಬೆಳೆಯುತ್ತಿತ್ತು. ಎದುರು ಮಾತಾಡಿದವರನ್ನು ಹೊಡೆದರು, ಕೆಲವರನ್ನು ಸರಪಳಿಯಿಂದ ಕಟ್ಟಿದರು. ಒಂದು ಬೆಳಿಗ್ಗೆ ಲಾರಿಯ ಮಾಡಿನಲ್ಲಿದ್ದ ಗಾಳಿಕಿಂಡಿಯನ್ನು ಮುರಿದು ಹೊರಗೆ ಬಂದವರಿಂದ ಈ ಸಮಾಚಾರವು ಅಧಿಕಾರಿಗಳಿಗೆ ತಿಳಿಯಿತು. 2008ರ ಡಿಸೆಂಬರಿನಲ್ಲಿ ಮುಖ್ಯರಾದ ಇಬ್ಬರು ಅಣ್ಣತಮ್ಮಂದಿರಿಗೆ 12 ವರುಷಗಳ ಸೆರೆ ವಿಧಿಸಲ್ಪಟ್ಟಿತು.

ಇಲ್ಲಿ ಸ್ವಲ್ಪ ನಿಂತು ಆಲೋಚಿಸಿರಿ. ಶಿಕ್ಷೆಯಾದದ್ದು ಮೇಸ್ತ್ರಿಗಳಿಗೆ, ತೋಟದ ಒಡೆಯರ ಮೇಲೆ ಮೊಕದ್ದಮೆ ನಡೆಯಲಿಲ್ಲ, ಆ ಹಣ್ಣನ್ನು ಮಾರಿದ ಅಂಗಡಿಗಳನ್ನು ಯಾರೂ ಕೇಳಲೂ ಇಲ್ಲ. ನ್ಯಾಯಸ್ಥಾನವು ತನ್ನ ಕೆಲಸವನ್ನು ಮಾಡಿತು, ಆದರೆ ಅದು ಬಂದದ್ದು ಬೆನ್ನಿನ ಮೇಲೆ ಬರೆ ಬಿದ್ದ ಮೇಲೆ. ಒಬ್ಬ ಮೇಸ್ತ್ರಿಯು ಸೆರೆಗೆ ಹೋದರೆ, ಅವನನ್ನು ಹುಟ್ಟಿಸಿದ ವ್ಯಾಪಾರವು ಇನ್ನೊಬ್ಬನನ್ನು ಹುಟ್ಟಿಸುವದು. ಆದದರಿಂದ ಶಿಕ್ಷೆಯು ಒಂದು, ತಡೆಯುವದು ಮತ್ತೊಂದು ಎಂಬದನ್ನು ಇಮ್ಮೊಕಾಲಿಯ ಕೂಲಿಯವರು ಅರಿತುಕೊಂಡರು.

4. ಒಂದು ಸೆಂಟಿನ ಹೋರಾಟ

1993ರಲ್ಲಿ ಕೆಲವು ಆಳುಗಳು ಆ ಊರಿನ ಕಥೋಲಿಕ ದೇವಾಲಯದ ಒಂದು ಕೋಣೆಯಲ್ಲಿ ವಾರಕ್ಕೊಮ್ಮೆ ಕೂಡಿ ತಮ್ಮ ಕಷ್ಟಗಳನ್ನು ಕುರಿತು ಮಾತಾಡತೊಡಗಿದರು. ಇಮ್ಮೊಕಾಲಿ ಕೂಲಿಗಾರರ ಒಕ್ಕೂಟದ ಆರಂಭವು ಇದೇ. 1996ರಲ್ಲಿ ಗ್ವಾಟೆಮಾಲದ ಒಬ್ಬ ಹುಡುಗನು ನೀರು ಕುಡಿಯುವದಕ್ಕೆ ಕೆಲಸ ನಿಲ್ಲಿಸಿದನೆಂದು ಮೇಸ್ತ್ರಿಯು ಅವನನ್ನು ರಕ್ತ ಬರುವ ವರೆಗೆ ಹೊಡೆದನು. ಆ ರಾತ್ರಿ ನೂರಾರು ಆಳುಗಳು ರಕ್ತದ ಕಲೆಯಿದ್ದ ಅವನ ಅಂಗಿಯನ್ನೇ ಧ್ವಜವಾಗಿ ಹಿಡಿದು ಮೇಸ್ತ್ರಿಯ ಮನೆಯ ತನಕ ನಡೆದರು. ಮರುದಿನ ಅವನ ಬಸ್ಸನ್ನು ಒಬ್ಬನೂ ಹತ್ತಲಿಲ್ಲ.

ಮೊದಲು ಅವರು ಒಡೆಯರೊಂದಿಗೆ ಹೋರಾಡಿದರು. ಕೆಲಸ ನಿಲ್ಲಿಸಿದರು, ಉಪವಾಸ ಮಾಡಿದರು, ನೂರಾರು ಮೈಲು ನಡೆದರು. ಸ್ವಲ್ಪ ಫಲವಾಯಿತು. ಆದರೆ ಕ್ರಯವನ್ನು ಗೊತ್ತುಮಾಡುವವನು ಒಡೆಯನಲ್ಲ, ಮೇಲಿರುವ ದೊಡ್ಡ ಕೊಳ್ಳುವವನು ಎಂದು ತಿಳಿದಾಗ ತಮ್ಮ ಮುಖವನ್ನು ಅತ್ತ ತಿರುಗಿಸಿದರು. 2001ರಲ್ಲಿ ಟಾಕೋ ಬೆಲ್ ಎಂಬ ತಿಂಡಿಮನೆಗಳ ಮಂಡಳಿಯನ್ನು ಬಹಿಷ್ಕರಿಸಬೇಕೆಂದು ಜನರನ್ನು ಬೇಡಿಕೊಂಡರು. ಅವರು ಕೇಳಿದ್ದೇನು? ಪೌಂಡೊಂದಕ್ಕೆ ಒಂದೇ ಒಂದು ಸೆಂಟನ್ನು ಹೆಚ್ಚಾಗಿ ಕೊಡಿರಿ, ಅದು ನೇರವಾಗಿ ಕೊಯ್ಯುವವರ ಕೂಲಿಗೆ ಸೇರಲಿ, ಆಳುಗಳನ್ನು ಮನುಷ್ಯರಂತೆ ನಡಿಸದ ತೋಟದಿಂದ ಕೊಳ್ಳಬೇಡಿರಿ, ಇಷ್ಟೇ. ಬುಟ್ಟಿಯ ಲೆಕ್ಕ ಮಾಡಿ ನೋಡಿರಿ: 32 ಪೌಂಡಿಗೆ 45 ಸೆಂಟ್ ಎಂದರೆ ಪೌಂಡಿಗೆ ಒಂದೂವರೆ ಸೆಂಟಿಗೂ ಕಡಿಮೆ. ಕೊಳ್ಳುವವನಿಗೆ ತಿಳಿಯದಷ್ಟು ಸಣ್ಣದಾದ ಆ ಒಂದು ಸೆಂಟು ಕೊಯ್ಯುವವನಿಗೆ ಬಹು ದೊಡ್ಡದು.

ಆ ಕಾಲದಲ್ಲಿ ವಿದ್ಯಾರ್ಥಿಗಳೂ ಸಭೆಗಳೂ ಕೂಲಿಯವರ ಜೊತೆಯಲ್ಲಿ ನಿಂತರು. ಅಮೇರಿಕದ ಪ್ರೆಸ್ಬಿಟೇರಿಯನ್ ಸಭೆಯ ಮಹಾಸಭೆಯು 2002ರಲ್ಲಿ ಈ ಬಹಿಷ್ಕಾರವನ್ನು ಬಹಿರಂಗವಾಗಿ ಒಪ್ಪಿತು. ನಾಲ್ಕು ವರುಷಗಳು ಕಳೆದ ಮೇಲೆ, 2005ರ ಮಾರ್ಚಿನಲ್ಲಿ, ಟಾಕೋ ಬೆಲ್ಲಿನ ಒಡೆತನದ ಮಂಡಳಿಯು ಒಪ್ಪಿಕೊಂಡಿತು. 2007ರಲ್ಲಿ ಮೆಕ್‌ಡೊನಾಲ್ಡ್ಸ್, 2008ರಲ್ಲಿ ಹೋಲ್ ಫುಡ್ಸ್ ಎಂಬ ದಿನಸಿ ಅಂಗಡಿಗಳ ಮಂಡಳಿ ಅದೇ ದಾರಿಯನ್ನು ಹಿಡಿದವು. ಆದರೆ ತೋಟದವರ ಸಂಘವು, ಈ ಹಣವನ್ನು ಆಳುಗಳಿಗೆ ಹಂಚುವ ಸದಸ್ಯನಿಗೆ ಒಂದು ಲಕ್ಷ ಡಾಲರ್ ದಂಡವೆಂದು ಬೆದರಿಸಿದ್ದರಿಂದ ಕೊಟ್ಟ ಸೆಂಟುಗಳು ಕೆಲವು ಕಾಲ ಬ್ಯಾಂಕಿನಲ್ಲಿಯೇ ಬಿದ್ದಿದ್ದವು. ಕಡೆಗೆ 2010ರ ನವೆಂಬರಿನಲ್ಲಿ ಆ ಸಂಘವೂ ಒಪ್ಪಿತು. ಲೋಕದಲ್ಲೆಲ್ಲಾ ಅತಿ ದೊಡ್ಡ ಚಿಲ್ಲರೆ ವ್ಯಾಪಾರದ ಮಂಡಳಿಯಾಗಿದ್ದ ವಾಲ್‌ಮಾರ್ಟ್ 2014ರ ಜನವರಿಯಲ್ಲಿ ಸೇರಿತು. ಎಲ್ಲಾ ಅಂಗಡಿಗಳೂ ಸೇರಲಿಲ್ಲ. ಬಹಳ ಬೇಡಿಕೊಂಡರೂ ಹೊರಗೆಯೇ ನಿಂತವುಗಳುಂಟು. ಆದರೂ ಫ್ಲೋರಿಡಾದ ಟೊಮೇಟೊ ಬೆಳೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಈ ವ್ಯವಸ್ಥೆಯೊಳಗೆ ಬಂತು.

5. ಜೀತವನ್ನು ತಡೆಯುವ ಐದು ಕಟ್ಟುಗಳು

ಈ ವ್ಯವಸ್ಥೆಯು ಹೇಗೆ ನಡೆಯುತ್ತದೆಂಬದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಯಾಕಂದರೆ ಯಾವ ಸರಕನ್ನು ಮಾರುವ ಅಂಗಡಿಗಾದರೂ ಇದರಲ್ಲಿ ಪಾಠವುಂಟು.

ಮೊದಲನೇದು, ನ್ಯಾಯವಾದ ಕ್ರಯ. ಕೊಳ್ಳುವ ಮಂಡಳಿಯು ಕೊಟ್ಟ ಹೆಚ್ಚಿನ ಹಣವು ಆಳಿನ ಸಂಬಳದ ಚೀಟಿಯಲ್ಲಿ ಬೇರೆ ಸಾಲಾಗಿ ಬರೆಯಲ್ಪಡುತ್ತದೆ. ಹೀಗೆ ಹಂಚಲ್ಪಟ್ಟ ಮೊತ್ತವು 3 ಕೋಟಿ ಡಾಲರನ್ನು ಮೀರಿದೆ.

ಎರಡನೇದು, ಆಳುಗಳಿಗೆ ಆಳುಗಳಿಂದಲೇ ಬೋಧನೆ. ಒಕ್ಕೂಟದವರು ತೋಟಕ್ಕೆ ಬಂದು, ಕೆಲಸದ ವೇಳೆಯಲ್ಲಿಯೇ, ಆ ವೇಳೆಗೂ ಕೂಲಿ ಸಲ್ಲುವಂತೆ, ನಿಮ್ಮ ಹಕ್ಕುಗಳು ಇಂಥವು ಎಂದು ಕಲಿಸುತ್ತಾರೆ. ಕಾವಲುಗಾರನೊಬ್ಬನಿಗೆ ಎರಡೇ ಕಣ್ಣು. ಹಕ್ಕುಗಳನ್ನು ತಿಳಿದ ಸಾವಿರ ಆಳುಗಳಿದ್ದರೆ ಎರಡು ಸಾವಿರ ಕಣ್ಣು.

ಮೂರನೇದು, ದೂರನ್ನು ಕೇಳುವ ಕಿವಿ. ಹಗಲಿರುಳೂ ಉತ್ತರ ಕೊಡುವ ದೂರವಾಣಿಯೊಂದಿದೆ. ಅದನ್ನು ಎತ್ತುವವನು ಮೇಸ್ತ್ರಿಯ ಮನುಷ್ಯನಲ್ಲ. ದೂರು ಹೇಳಿದ ಕಾರಣಕ್ಕೆ ಆಳನ್ನು ಕೆಲಸದಿಂದ ತೆಗೆಯುವದೇ ಒಂದು ಅಪರಾಧವೆಂದು ಎಣಿಸಲ್ಪಡುತ್ತದೆ.

ನಾಲ್ಕನೇದು, ಆಳವಾದ ವಿಚಾರಣೆ. ಇದಕ್ಕಾಗಿ 2011ರಲ್ಲಿ ಸ್ಥಾಪಿಸಲ್ಪಟ್ಟ ಬೇರೆ ಸಮಿತಿಯವರು ತೋಟಕ್ಕೆ ಹೋಗಿ, ಲೆಕ್ಕದ ಪುಸ್ತಕಗಳನ್ನು ನೋಡುವದಲ್ಲದೆ ಅರ್ಧದಷ್ಟಾದರೂ ಆಳುಗಳನ್ನು ಮಾತಾಡಿಸುತ್ತಾರೆ. ಆಳುಗಳು ಮಲಗುವ ಬಿಡಾರಗಳನ್ನೂ ನೋಡುತ್ತಾರೆ. ಸಂದರ್ಶಕರು ಬರುವ ದಿನವನ್ನು ಮೊದಲೇ ತಿಳಿಸಿ, ಧಣಿಯ ಎದುರಿನಲ್ಲಿಯೇ ಆಳನ್ನು ನಿಲ್ಲಿಸಿ, ನೀನು ಸುಖವಾಗಿದ್ದೀಯೋ ಎಂದು ಕೇಳುವ ವಿಚಾರಣೆಯಿಂದ ಏನು ಫಲ? ಸುಖವೆಂದೇ ಅವನು ಹೇಳುವನು.

ಐದನೇದು, ಉಳಿದ ನಾಲ್ಕಕ್ಕೂ ಬಲ ಕೊಡುವದು, ಕೊಳ್ಳುವವನ ಕೈ. ತಪ್ಪು ಕಂಡರೆ ತಿದ್ದಿಕೊಳ್ಳುವದಕ್ಕೆ ತೋಟದವನಿಗೆ ಮೊದಲು ಅವಕಾಶ ಕೊಡಲ್ಪಡುತ್ತದೆ. ತಿದ್ದಿಕೊಳ್ಳದಿದ್ದರೆ, ಅಥವಾ ಬಲವಂತದ ದುಡಿಮೆಯೇ ಕಂಡುಬಂದರೆ, ಒಪ್ಪಂದಕ್ಕೆ ಸೇರಿದ ಮಂಡಳಿಗಳೆಲ್ಲಾ ಆ ತೋಟದಿಂದ ಕೊಳ್ಳುವದನ್ನು ನಿಲ್ಲಿಸಲೇಬೇಕು. ನಿಲ್ಲಿಸುತ್ತೇವೆಂದು ಅವು ಬರೆದುಕೊಟ್ಟಿವೆ. ಒಡೆಯನು ಉಪದೇಶಕ್ಕೆ ಕಿವುಡನಾಗಬಹುದು, ನಷ್ಟಕ್ಕೆ ಕಿವುಡನಾಗಲಾರನು. ಆದದರಿಂದ ಮೇಸ್ತ್ರಿಯ ಮೇಲೆ ಕಣ್ಣಿಡುವ ಕೆಲಸವನ್ನು ಈಗ ಒಡೆಯನೇ ಮಾಡುತ್ತಾನೆ.

ಸಣ್ಣ ಸಂಗತಿಯೊಂದನ್ನು ಹೇಳಬೇಕು. ಹಿಂದೆ ಮೇಸ್ತ್ರಿಗಳು ಬುಟ್ಟಿಯ ಬಾಯಿಗಿಂತ ಮೇಲೆ ರಾಶಿಯೇರುವಂತೆ ಹಣ್ಣು ತುಂಬಿಸಿಕೊಂಡು, ಬಾಯಿಮಟ್ಟದ ಬುಟ್ಟಿಗೆ ಮಾತ್ರ ಕೂಲಿ ಕೊಡುತ್ತಿದ್ದರು. ಹೊಸ ನಿಯಮದಲ್ಲಿ ಬುಟ್ಟಿಯು ಎಲ್ಲಿಯ ವರೆಗೆ ತುಂಬಿರಬೇಕೆಂಬದು ಗೊತ್ತುಮಾಡಲ್ಪಟ್ಟು, ಆ ರಾಶಿಯು ನಿಂತುಹೋಯಿತು. ಕೊಳಗವನ್ನು ರಾಶಿಯೇರಿಸಿ ತೆಗೆದುಕೊಂಡು ಮಟ್ಟಮಾಡಿ ಕೊಟ್ಟ ಧಣಿಗಳ ಕಥೆಯನ್ನು ಕೇಳಿದ ನಮಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂದು ವಿವರಿಸಬೇಕಾಗಿಲ್ಲ. ಇಂಥ ನಿಯಮವನ್ನು ಪಟ್ಟಣದ ಕಚೇರಿಯಲ್ಲಿ ಕೂತವನು ಬರೆಯಲಾರನು. ಬುಟ್ಟಿ ಹೊತ್ತವನು ಮಾತ್ರ ಬರೆಯಬಲ್ಲನು.

ಒಂದು ಕಾಲದಲ್ಲಿ ಸರಕಾರೀ ವಕೀಲರೇ ಈ ಸೀಮೆಯನ್ನು ಆಧುನಿಕ ಗುಲಾಮಗಿರಿಯ ಕೇಂದ್ರವೆಂದು ಕರೆದಿದ್ದರು. ಆ ಸೀಮೆಯ ಕೂಲಿಗಾರರ ಒಕ್ಕೂಟಕ್ಕೆ, ಗುಲಾಮಗಿರಿಯನ್ನು ಎದುರಿಸಿದ ವಿಶೇಷ ಸೇವೆಗಾಗಿ, 2015ರಲ್ಲಿ ಅಮೇರಿಕದ ಅಧ್ಯಕ್ಷರ ಹೆಸರಿನ ಪ್ರಶಸ್ತಿಯು ಕೊಡಲ್ಪಟ್ಟಿತು.

6. ಹಣೆಪಟ್ಟಿಯನ್ನು ನಂಬಬಹುದೋ?

ನಿಮ್ಮಲ್ಲಿ ಕೆಲವರು ಹೀಗೆ ಕೇಳಬಹುದು: ಇಷ್ಟು ಪ್ರಯಾಸವೇಕೆ? ಜೀತದಿಂದ ಮಾಡಿದ್ದಲ್ಲವೆಂದು ಅಂಗಡಿಯವನು ಸರಕಿನ ಮೇಲೆ ಬರೆದರೆ ಸಾಲದೋ? ಇದಕ್ಕೆ ಹಳೇ ಕಾಲದ ಒಂದು ಸಂಗತಿಯೇ ಉತ್ತರ.

1791ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯನ್ನು ಇಂಗ್ಲೆಂಡಿನ ಪಾರ್ಲಿಮೆಂಟು ತಳ್ಳಿಹಾಕಿದಾಗ, ಲಕ್ಷಾಂತರ ಮಂದಿ ಸಾಮಾನ್ಯ ಜನರು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮರು ಮಾಡಿದ ಸಕ್ಕರೆಯನ್ನು ತಮ್ಮ ಮನೆಗಳಿಂದ ದೂರಮಾಡಿದರು. ಅವರಲ್ಲಿ ಹೆಂಗಸರ ಶ್ರಮ ಬಹಳ. ಇದು ಸ್ಮರಣೆಗೆ ಯೋಗ್ಯವಾದ ಕಾರ್ಯ. ಅದಕ್ಕೆ ಬದಲಾಗಿ ಅನೇಕರು ಹಿಂದೂದೇಶದಿಂದ ಬಂದ ಸಕ್ಕರೆಯನ್ನು ಕೊಂಡರು. 1820ರ ದಶಕದಲ್ಲಿ, ಇದು ಗುಲಾಮರು ಮಾಡಿದ್ದಲ್ಲವೆಂಬ ಅರ್ಥದ ಬರಹವಿದ್ದ ಸಕ್ಕರೆ ಬಟ್ಟಲುಗಳು ಅವರ ಮೇಜುಗಳ ಮೇಲೆ ಇರುತ್ತಿದ್ದವು. ಆದರೆ ಅದೇ ಕಾಲದಲ್ಲಿ ಹಿಂದೂದೇಶದಲ್ಲಿ ಗುಲಾಮರು ಇರಲಿಲ್ಲವೋ? 1801ರಲ್ಲಿ ಕನ್ನಡ ಜಿಲ್ಲೆಯನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕನನ್ ಎಂಬವನು ಅಲ್ಲಿಯ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರನ್ನು ಕುರಿತು ಬರೆದಿದ್ದಾನೆ. ಬ್ರಿಟಿಷ್ ರಾಜ್ಯದ ಗುಲಾಮರನ್ನು ಬಿಡಿಸಿದ 1833ರ ಕಾನೂನು ಸಹ ಕಂಪೆನಿಯ ಸೀಮೆಗಳನ್ನು ಹೊರಗೆ ಬಿಟ್ಟಿತು. ಇಲ್ಲಿ ಗುಲಾಮಗಿರಿಗೆ ಕಾನೂನಿನ ಆಸರೆ ತಪ್ಪಿದ್ದು 1843ರಲ್ಲಿ. ಆ ಸಕ್ಕರೆಯು ಹೆಚ್ಚಾಗಿ ಬಂಗಾಳದಿಂದ ಹೋದದ್ದೇ ಹೊರತು ನಮ್ಮ ಗದ್ದೆಗಳಿಂದಲ್ಲ. ಆದರೂ ಬಟ್ಟಲಿನ ಬರಹವನ್ನು ಓದಿ ಸಮಾಧಾನ ಹೊಂದಿದವರು, ಆ ದೇಶದಲ್ಲಿಯೂ ಗುಲಾಮರುಂಟೋ ಎಂದು ವಿಚಾರಿಸಿ ಸಮಾಧಾನ ಹೊಂದಿದವರಲ್ಲ. ಅವರ ಮನಸ್ಸು ಒಳ್ಳೇದು. ಆದರೆ ಬರಹವನ್ನು ಬರೆದವನು ಮಾರುವವನು, ದುಡಿದವನಲ್ಲ.

ಈ ಕಾಲದ ಕಾನೂನುಗಳಲ್ಲಿಯೂ ಇದೇ ಕೊರತೆ ಕಾಣುತ್ತದೆ. 2015ರಲ್ಲಿ ಬ್ರಿಟನ್ ದೇಶವು ಮಾಡಿದ ಆಧುನಿಕ ಗುಲಾಮಗಿರಿಯ ಕಾನೂನಿನ ಪ್ರಕಾರ, ವರುಷಕ್ಕೆ 3 ಕೋಟಿ 60 ಲಕ್ಷ ಪೌಂಡು ಅಥವಾ ಅದಕ್ಕಿಂತ ಹೆಚ್ಚು ವ್ಯಾಪಾರ ಮಾಡುವ ಮಂಡಳಿಯು ತನ್ನ ಸರಪಳಿಯಲ್ಲಿ ಗುಲಾಮಗಿರಿಯನ್ನು ತಡೆಯಲು ಏನು ಮಾಡಿತೆಂದು ಪ್ರತಿ ವರುಷ ಪ್ರಕಟಿಸಬೇಕು. ಇದು ಒಳ್ಳೇ ಆರಂಭ; ತಿಳಿಯದೆಂದು ಹೇಳಿ ಜಾರಿಕೊಳ್ಳುವದು ಇದರಿಂದ ಕಷ್ಟವಾಯಿತು. ಆದರೆ ಏನೂ ಮಾಡಲಿಲ್ಲವೆಂದು ಬರೆದು ಪ್ರಕಟಿಸಿದರೂ ಆ ಕಾನೂನಿಗೆ ಸಾಕು! ದೀಪ ಹಚ್ಚಿದ ಮಾತ್ರಕ್ಕೆ ಮನೆಯು ಗುಡಿಸಲ್ಪಡುವದಿಲ್ಲ. ಪ್ರಕಟನೆಯು ದೀಪ, ಮೇಲೆ ಹೇಳಿದ ಐದು ಕಟ್ಟುಗಳು ಕಸಬರಿಗೆ. ಎರಡೂ ಬೇಕು.

ಆದದರಿಂದ ಈ ಪಾಠದ ಸಾರಾಂಶ ಇದು: ಜೀತಕ್ಕೆ ಬೀಳಬಹುದಾದವನು ತನ್ನ ಹಕ್ಕನ್ನು ತಿಳಿದು ನಿರ್ಭಯವಾಗಿ ಮಾತಾಡುವಂತೆಯೂ, ಅವನ ಮಾತನ್ನು ಕೇಳಿ ಕೊಳ್ಳುವವನ ಕೈಯು ನಿಲ್ಲುವಂತೆಯೂ ಆದಲ್ಲಿ ಮಾತ್ರ ಸರಪಳಿಯೊಳಗೆ ಜೀತವು ನಿಲ್ಲಲಾರದು.

7. ನಾವು ಮಾಡತಕ್ಕದ್ದು

ನಮ್ಮ ಹಳ್ಳಿಗಳವರು ಈ ಸರಪಳಿಯ ಎರಡು ಕೊನೆಗಳಲ್ಲಿಯೂ ಇದ್ದೇವೆ. ನಾವು ಕೊಳ್ಳುವವರು, ನಮ್ಮ ಮಕ್ಕಳು ದುಡಿಯುವವರು.

ಮಕ್ಕಳನ್ನು ದೂರದ ಕೆಲಸಕ್ಕೆ ಕಳುಹಿಸುವ ತಂದೆತಾಯಿಗಳು ಮೊದಲು ಕೇಳಲಿ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ಸುಮಂಗಲಿ ಎಂಬ ಚೆಲುವಾದ ಹೆಸರಿನಿಂದ ಒಂದು ಏರ್ಪಾಡು ನಡೆಯಿತು. ಹಳ್ಳಿಯ ಹುಡುಗಿಯರನ್ನು ಸುಮಾರು ಮೂರು ವರುಷಗಳಿಗೆ ಸೇರಿಸಿಕೊಂಡು, ಅವಧಿ ಮುಗಿದ ಮೇಲೆ ಮದುವೆಗೆ ಅನುಕೂಲವಾಗುವಂತೆ ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಡುತ್ತೇವೆಂದು ಹೇಳಿದರು. ಹುಡುಗಿಯರು ಗಿರಣಿಯ ವಸತಿಯಲ್ಲಿಯೇ ಇರಬೇಕು. ಹೊರಗೆ ಹೋಗುವದಕ್ಕೆ ಅಪ್ಪಣೆ ಬಹು ಅಪರೂಪ. ಕಾಯಿಲೆಯಿಂದ ನಡುವೆ ಬಿಟ್ಟುಬಂದವರಲ್ಲಿ ಅನೇಕರು ಆ ಮೊತ್ತವನ್ನು ಕಳಕೊಂಡರು. 2011ರಿಂದ ಪ್ರಕಟವಾದ ವರದಿಗಳು ಆ ನೂಲು ಯೂರೋಪು ಮತ್ತು ಅಮೇರಿಕದ ಹೆಸರಾದ ಬಟ್ಟೆ ಅಂಗಡಿಗಳ ವರೆಗೆ ಹೋಗುತ್ತಿತ್ತೆಂದು ತೋರಿಸಿಕೊಟ್ಟವು. ಆದದರಿಂದ ಕೆಲಸಕ್ಕೆ ಕರೆಯುವವನು ಬಂದಾಗ ಈ ಪ್ರಶ್ನೆಗಳನ್ನು ಹಾಕಿರಿ: ಕೂಲಿಯು ಪ್ರತಿ ತಿಂಗಳು ಅವಳ ಕೈಗೇ ಬರುವದೋ? ಅವಳು ಬೇಕಾದಾಗ ಮನೆಗೆ ಬರಬಹುದೋ? ದೂರವಾಣಿಯು ಅವಳ ಬಳಿಯಲ್ಲಿ ಇರುವದೋ? ಗುರುತಿನ ಚೀಟಿಗಳು ಯಾರ ಬಳಿಯಲ್ಲಿ ಇರುವವು? ಉತ್ತರವು ತಡವರಿಸಿದರೆ ಮುಂಗಡದ ಹಣವನ್ನು ಮುಟ್ಟಬೇಡಿರಿ.

ಎರಡನೇದಾಗಿ ಕಾನೂನನ್ನು ತಿಳಿದುಕೊಳ್ಳಿರಿ. ನಮ್ಮ ಸಂವಿಧಾನದ 23ನೇ ವಿಧಿಯು ಬಿಟ್ಟಿ ಕೆಲಸವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪು ಕೊಟ್ಟಿತು. 1976ರ ಕಾನೂನಿನ ಪ್ರಕಾರ ಜೀತದ ಸಾಲವು ರದ್ದಾಗಿ ಹೋಯಿತು. ಅದನ್ನು ತೀರಿಸುವ ಹಂಗು ಯಾರಿಗೂ ಇಲ್ಲ. ಇದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಹೊರೆಯು ಸಾಲ ಕೊಟ್ಟವನ ಮೇಲೆಯೇ ಇದೆ. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರುಷಗಳ ವರೆಗೆ ಸೆರೆಯುಂಟು. ದೂರನ್ನು ಜಿಲ್ಲಾಧಿಕಾರಿಗೆ ಕೊಡಬಹುದು. ಜಿಲ್ಲೆಯಲ್ಲಿಯೂ ಉಪವಿಭಾಗದಲ್ಲಿಯೂ ಇದಕ್ಕಾಗಿ ಜಾಗೃತಿ ಸಮಿತಿಗಳು ಇರಬೇಕೆಂದು ಅದೇ ಕಾನೂನು ವಿಧಿಸಿದೆ. ಬರೆಯಲಾರದವನಿಗೆ ಬರೆಯಬಲ್ಲವನು ಸಹಾಯ ಮಾಡಲಿ.

ಮೂರನೇದಾಗಿ, ಅಂಗಡಿ ಇಟ್ಟವರೂ ಕಂತ್ರಾಟು ಹಿಡಿದವರೂ ತಮ್ಮ ಮಟ್ಟಿಗೆ ಇದನ್ನು ನಡಿಸಬಹುದು. ಇಟ್ಟಿಗೆ, ಜಲ್ಲಿ, ಬೆಲ್ಲ, ಬಟ್ಟೆ, ಯಾವದನ್ನು ತರುವವರಾದರೂ ಅದು ಎಲ್ಲಿಂದ ಬರುತ್ತದೆಂದು ತಿಳಿದಿರಲಿ. ಸಾಧ್ಯವಾದಾಗ ಹೋಗಿ ಆಳುಗಳೊಂದಿಗೇ ಮಾತಾಡಲಿ. ಎಲ್ಲರಿಗಿಂತಲೂ ಬಹಳ ಅಗ್ಗವಾಗಿ ಕೊಡುವವನನ್ನು, ಇದು ಹೇಗೆ ನಿನಗೆ ಕಟ್ಟುತ್ತದೆ ಎಂದು ಕೇಳಲಿ. ಅನ್ಯಾಯ ಕಂಡಾಗ ಗುಟ್ಟಾಗಿ ಬೇರೆ ಅಂಗಡಿಗೆ ಹೋಗಿಬಿಟ್ಟರೆ ನಮ್ಮ ಕೈ ಶುದ್ಧವಾಗಬಹುದು, ಆಳಿನ ಕಟ್ಟು ಬಿಚ್ಚುವದಿಲ್ಲ. ತಿದ್ದಿಕೊಂಡರೆ ಕೊಳ್ಳುತ್ತೇನೆ, ಇಲ್ಲವಾದರೆ ಇಲ್ಲ ಎಂದು ಬಾಯಿಬಿಟ್ಟು ಹೇಳುವದೇ ಸರಿಯಾದ ಮಾರ್ಗ. ಆಳುಗಳ ಮೇಲೆ ಬಲಾತ್ಕಾರ ಕಂಡರೆ ಕೂಡಲೆ ಅಧಿಕಾರಿಗಳಿಗೆ ತಿಳಿಸತಕ್ಕದ್ದು.

ಒಬ್ಬನ ಮಾತಿನಿಂದ ಏನಾಗುವದು ಎಂದು ಅಧೈರ್ಯಪಡಬೇಡಿರಿ. ಒಂದು ಸೆಂಟನ್ನು ಕೇಳಿದವರು ಬೇರೆ ದೇಶದಿಂದ ಬಂದವರು, ಬಡವರು. ಅನೇಕರಿಗೆ ಆ ನಾಡಿನ ಭಾಷೆಯೂ ಬರುತ್ತಿರಲಿಲ್ಲ. ಅವರಲ್ಲಿದ್ದದ್ದು ವಾರಕ್ಕೊಮ್ಮೆ ಕೂಡುವ ಒಂದು ಕೋಣೆ, ಮತ್ತು ಒಬ್ಬನ ಅಂಗಿಯ ಮೇಲಿನ ರಕ್ತವು ಎಲ್ಲರದೆಂಬ ತಿಳುವಳಿಕೆ.

ಕೂಟದಲ್ಲಿ ವಿಚಾರಿಸುವದಕ್ಕೆ ಪ್ರಶ್ನೆಗಳು

1. ಬಲವಂತದ ದುಡಿಮೆಯ ಗುರುತುಗಳಲ್ಲಿ ನಾಲ್ಕನ್ನು ಹೇಳಿರಿ. ಇವುಗಳಲ್ಲಿ ಯಾವದನ್ನಾದರೂ ನಿಮ್ಮ ಸೀಮೆಯಲ್ಲಿ ಕಂಡಿದ್ದೀರೋ?

2. ಮೇಸ್ತ್ರಿಗಳಿಗೆ ಶಿಕ್ಷೆಯಾದ ಮೇಲೆಯೂ ಜೀತವು ಯಾಕೆ ತಿರಿಗಿ ಕಾಣಿಸಿಕೊಂಡಿತು?

3. ಐದು ಕಟ್ಟುಗಳಲ್ಲಿ ಐದನೇದನ್ನು ತೆಗೆದುಬಿಟ್ಟರೆ ಉಳಿದ ನಾಲ್ಕರ ಗತಿ ಏನಾಗುವದು?

4. ಸಕ್ಕರೆ ಬಟ್ಟಲಿನ ಬರಹಕ್ಕೂ ಆಳುಗಳು ತಾವೇ ಮಾಡಿಸಿದ ನಿಯಮಕ್ಕೂ ಇರುವ ವ್ಯತ್ಯಾಸವೇನು?

5. ನಿಮ್ಮ ಊರಿನಿಂದ ದೂರದ ಕೆಲಸಕ್ಕೆ ಹೋದವರ ಹೆಸರುಗಳನ್ನು ನೆನಸಿಕೊಳ್ಳಿರಿ. ಅವರಲ್ಲಿ ಯಾರಿಂದ ಬಹು ದಿನಗಳಿಂದ ಸಮಾಚಾರ ಬರಲಿಲ್ಲ? ಈ ವಾರದಲ್ಲಿ ಅವರನ್ನು ವಿಚಾರಿಸುವದಕ್ಕೆ ಯಾರು ಒಪ್ಪಿಕೊಳ್ಳುವಿರಿ?